ನಾನು ಹಾಕಿಸಿದ ಚಿಲಕ

ತಪ್ಪು ಕಂಡಲ್ಲಿ ಬಾಯಿ ಮುಚ್ಚಿಕೊಂಡಿರುವ ಕಲೆ ನನಗೆ ಇಂದಿನವರೆಗೂ ಒಲಿದಿಲ್ಲ. ಮದುವೆಯ ಊಟಕ್ಕೆ ಗಂಡಸರೇ ಮೊದಲು ಕುಳಿತರೆ ಎದ್ದು ನಿಂತು ಮಾತಾಡುತ್ತೇನೆ. ಬಸ್ಸಿನಲ್ಲಿ ಮಹಿಳೆಯರ ಆಸನ ಹಿಡಿದ ಗಂಡಸಿಗೆ ಸಂವಿಧಾನದಿಂದ ಆರಂಭಿಸಿ ತಿಳಿಹೇಳುತ್ತೇನೆ. ನಾನು ಮುಗಿಸುವಷ್ಟರಲ್ಲಿ ಅವನ ಊರು ಬಂದು ಅವನು ಇಳಿದಿರುತ್ತಾನೆ. ಬೀದರಿನ ನೌಬಾದಿನ ನಮ್ಮ ಮನೆಯಲ್ಲಿ ಹೆಂಡತಿ ಬಡಿಸುವ ಮೊದಲೇ, "ಇವತ್ತು ಯಾರ್ಯಾರದು ಏನೇನು ತಪ್ಪಾಗ್ಯಾದ, ಒಮ್ಮೇಲೇ ಹೇಳಿಬಿಡ್ರಿ. ಆಮ್ಯಾಲ ರೊಟ್ಟಿ ಆರ್ತಾವ" ಎನ್ನುತ್ತಾಳೆ.

ಇಂಥವನಿಗೆ ತಕ್ಕ ಉದ್ಯೋಗವೇ ನನಗೆ ಸಿಕ್ಕಿದೆ. ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಎಚ್‌ಐವಿ ಪರೀಕ್ಷೆಯನ್ನು ಹೇಗೆ ಮಾಡಬೇಕು, ಅದಕ್ಕೂ ಮೊದಲು ಜನರನ್ನು ಹೇಗೆ ಕೇಳಬೇಕು ಎಂದು ಕಲಿಸುವುದು ನನ್ನ ಕೆಲಸ. ಬೀದರಿನಲ್ಲಿ ತರಬೇತಿ, ಆಮೇಲೆ ಭಾಲ್ಕಿ, ಔರಾದ್ ಕಡೆ ಸುತ್ತಾಡಿ, ಕಲಿಸಿದ್ದು ನಡೆಯುತ್ತಿದೆಯೇ ಎಂದು ನೋಡುವುದು. ಕೈಯಲ್ಲೊಂದು ಪಟ್ಟಿ ಇರುತ್ತದೆ. ಸರಿಯಿದ್ದಲ್ಲಿ ನೀಲಿ ಗುರುತು, ತಪ್ಪಿದ್ದಲ್ಲಿ ಕೆಂಪು. ನನ್ನ ಕೆಂಪು ಪೆನ್ನುಗಳು ಬೇಗ ಮುಗಿಯುತ್ತವೆ. ಯಾವ ಪರೀಕ್ಷೆಯೆಂದು ಹೇಳದೆ "ರಕ್ತ ಕೊಡು" ಎನ್ನುವುದು, ಫಲಿತಾಂಶವನ್ನು ಹೆಸರಿನೊಂದಿಗೆ ಕೂಗುವುದು, ಸೋಂಕಿತರ ಚೀಟಿಗೆ ಮೂಲೆಯಲ್ಲಿ ಚುಕ್ಕೆ ಇಡುವುದು: ಇವೆಲ್ಲ ಅನ್ಯಾಯಗಳೆಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಆದರೆ ಇಂದು ಹೇಳಬೇಕಾಗಿರುವುದು ಪಟ್ಟಿಯಲ್ಲಿಲ್ಲದ ಒಂದು ತಪ್ಪನ್ನು. ಅದು ನನ್ನದು.

ಭಾಲ್ಕಿ ತಾಲ್ಲೂಕಿನಲ್ಲಿ ಒಂದು ಪುಟ್ಟ ಆರೋಗ್ಯ ಕೇಂದ್ರವಿದೆ. ಖಟಕ ಚಿಂಚೋಳಿಯ ಬಸ್ಸು ಹತ್ತಿ ನಡುವೆ ಎಲ್ಲೋ ಇಳಿಯಬೇಕು. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಅಲ್ಲಿಯ ನರ್ಸ್ ಸುಮಿತ್ರಾಬಾಯಿಯವರದು ತಮ್ಮದೇ ಒಂದು ಪದ್ಧತಿ. ಬಂದವರನ್ನು ವರಾಂಡದ ಬೆಂಚಿನಲ್ಲೇ ಕೂರಿಸಿ, ತೋಳಿಗೆ ಬಿಪಿ ಪಟ್ಟಿ ಕಟ್ಟಿ, ಗಾಳಿ ತುಂಬುತ್ತ ಮುಂದಕ್ಕೆ ಬಾಗುತ್ತಿದ್ದರು. ಬಿಪಿ ನೋಡುವವರು ಬಾಗುವುದು ಸಹಜ. ಆ ಬುಸ್ ಬುಸ್ ಸದ್ದಿನಲ್ಲಿ, ರೋಗಿಯ ಕಿವಿಯ ಬಳಿ ಅವರ ತುಟಿ ಅಲುಗುತ್ತಿತ್ತು. ಪರೀಕ್ಷೆ ಏನು, ಏಕೆ, ಬೇಡವೆನ್ನುವ ಹಕ್ಕೂ ಇದೆ ಎಂಬುದೆಲ್ಲ ಗಾಳಿ ಇಳಿಯುವುದರೊಳಗೆ ಮುಗಿಯುತ್ತಿತ್ತು. ಒಪ್ಪಿದವರು ಸಕ್ಕರೆ ಪರೀಕ್ಷೆಗೆ ರಕ್ತ ಕೊಡುವವರ ಜೊತೆಗೇ ಎದ್ದು ಹೋಗಿ ಕೊಟ್ಟು ಬರುತ್ತಿದ್ದರು. ಪಕ್ಕದಲ್ಲಿ ಕುಳಿತವರಿಗೆ ಬಿಪಿಯ ಅಂಕಿ ಮಾತ್ರ ಕೇಳಿಸುತ್ತಿತ್ತು.

ನಾನು ಕೆಂಪು ಪೆನ್ನು ತೆಗೆದೆ. "ತೆರೆದ ವರಾಂಡದಲ್ಲಿ ಆಪ್ತ ಸಮಾಲೋಚನೆಯೇ? ಗೋಪ್ಯತೆ ಎಲ್ಲಿ? ಬಾಗಿಲು ಮುಚ್ಚಿದ ಕೋಣೆ ಬೇಕು."

"ಸರ್, ಇಲ್ಲಿ ಬಾಗಿಲಾ ಯಾವಾಗ್ಲೂ ಹಾಕಲ್ಲರಿ" ಎಂದರು ಸುಮಿತ್ರಾಬಾಯಿ.

"ಅದೇ ತಪ್ಪು."

"ಹೌದ್ರಿ ಸರ್" ಎಂದರು. ಇಪ್ಪತ್ತು ವರ್ಷಗಳಿಂದ ಮೇಲಧಿಕಾರಿಗಳಿಗೆಲ್ಲ "ಹೌದ್ರಿ ಸರ್" ಅಂದು ಪಳಗಿದ ಆ ದನಿಯನ್ನು ನಾನು ಒಪ್ಪಿಗೆಯೆಂದು ತಿಳಿದೆ. ಸೊಳ್ಳೆಪರದೆ ತುಂಬಿದ್ದ ಕೋಣೆಯನ್ನು ಖಾಲಿ ಮಾಡಿಸಿದೆ. ಭಾಲ್ಕಿಯಿಂದ ಬಡಗಿಯನ್ನು ಕರೆತಂದು, ಎದುರಿಗೇ ನಿಂತು, ಒಂದು ದಪ್ಪನೆಯ ಕಬ್ಬಿಣದ ಚಿಲಕ ಹಾಕಿಸಿದೆ. ಬಾಗಿಲ ಮೇಲೆ "ಗೋಪ್ಯತೆ ನಿಮ್ಮ ಹಕ್ಕು" ಎಂಬ ಭಿತ್ತಿಪತ್ರವನ್ನು ನನ್ನ ಕೈಯಾರೆ ಅಂಟಿಸಿದೆ.

ಮುಂದಿನ ತಿಂಗಳು ನಾನು ಅದೇ ಬೆಂಚಿನ ತುದಿಯಲ್ಲಿ ಪಟ್ಟಿ ಹಿಡಿದು ಕುಳಿತಿದ್ದಾಗ ಕಸ್ತೂರಿ ಬಂದಳು. ಹೆಸರು ಬದಲಿಸಿದ್ದೇನೆ. ಕುರಿ ಸಾಕುವ ಮನೆತನದ ಸೊಸೆ, ಆರು ತಿಂಗಳ ಬಸುರಿ, ಅತ್ತೆ ಜೊತೆಗಿದ್ದರು. ಬಸುರಿಯರಿಗೆಲ್ಲ ಈ ಪರೀಕ್ಷೆ ಆಗಬೇಕು. ಸೋಂಕು ಇದ್ದರೂ ಮೊದಲೇ ತಿಳಿದರೆ ತಾಯಿಗೆ ಔಷಧ ಆರಂಭಿಸಿ ಮಗುವನ್ನು ಕಾಪಾಡಬಹುದು. ಸುಮಿತ್ರಾಬಾಯಿ ನನ್ನ ಮುಖ ನೋಡಿದರು. ನಾನು ಗಲ್ಲದಿಂದಲೇ ಕೋಣೆಯ ಕಡೆ ಸನ್ನೆ ಮಾಡಿದೆ. ಅವರು ಕಸ್ತೂರಿಯನ್ನು ಒಳಗೆ ಕರೆದೊಯ್ದರು. ಚಿಲಕ ಖಟ್ ಎಂದಿತು. ನಾನು ನೀಲಿ ಗುರುತು ಹಾಕಿದೆ.

ವರಾಂಡ ತಟ್ಟನೆ ಮೌನವಾಯಿತು. ಮೊಣಕಾಲು ನೋವಿಗೆಂದು ದಿನವೂ ಬಂದು ಮಧ್ಯಾಹ್ನದವರೆಗೆ ಕೂರುವ ಶಿವರಾಮ ಕಾಕಾ ಮೊದಲು ಬಾಯಿ ತೆರೆದರು. "ಬಾಗಿಲಾ ಯಾಕ ಹಾಕ್ಕೊಂಡ್ರು?"

"ಗೊತ್ತಿಲ್ಲೇನು ಕಾಕಾ? ಅದೇ ಜಡ್ಡಿಂದು ನೋಡ್ಲತ್ತಾರ" ಎಂದಳು ಮಗುವಿಗೆ ಸೂಜಿ ಹಾಕಿಸಲು ಬಂದವಳು. "ಬಾಗಿಲಾ ಹಾಕೋದು ಅದಕ್ಕೊಂದಕ್ಕೇ."

"ಅರೆ! ಯಾರ ಸೊಸಿ ಅಕಿ?"

ಯಾರ ಸೊಸೆಯೆಂದು ತಿಳಿಸಲು ಅತ್ತೆಯೇ ಎದ್ದು ಹೋಗಿ ಬಾಗಿಲು ಬಡಿದರು. "ಏ, ಹೊರಗ ಬಾ! ನಮಗ ಅಂಥಾದ್ದೇನೂ ಇಲ್ಲ! ನಮ್ಮ ಮನಿತನಕ್ಕೇ ಇಲ್ಲ!"

ಕಸ್ತೂರಿ ಹೊರಗೆ ಬಂದಳು. ಬೆರಳಿಗೆ ಇನ್ನೂ ಸೂಜಿ ತಾಗಿರಲಿಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಯಾರನ್ನೂ ನೋಡದೆ ಅತ್ತೆಯ ಹಿಂದೆ ನಡೆದಳು. ಮರುವಾರ ಅವಳನ್ನು ತವರಿಗೆ, ಔರಾದ್ ತಾಲ್ಲೂಕಿನ ಡಾಬಕಾಕ್ಕೆ ಕಳಿಸಿದರೆಂದು ತಿಳಿಯಿತು.

"ಪಟ್ಟಿ ಕಟ್ಟಿ ಕೇಳಿದ್ರ, ಅತ್ತಿ ಬಾಜೂಕ ಕುಂತ್ರೂ ತಿಳೀತಿದ್ದಿಲ್ಲರಿ" ಎಂದರು ಸುಮಿತ್ರಾಬಾಯಿ. ಬೈದಿದ್ದರೆ ವಾದಿಸಬಹುದಿತ್ತು. "ಬಾಗಿಲಾ ಹಾಕೋದಾದ್ರ ಎಲ್ಲರಿಗೂ ಹಾಕ್ಬೇಕರಿ ಸರ್. ಕಾಕಾನ ಮೊಣಕಾಲಿಗೂ."

ಇಷ್ಟು ಸರಳ ಸಂಗತಿ ನನ್ನ ಎರಡು ದಿನದ ತರಬೇತಿಯಲ್ಲಿ ಎಲ್ಲೂ ಇರಲಿಲ್ಲ.

ತಪ್ಪು ತಿದ್ದಲೆಂದು ಡಾಬಕಾಕ್ಕೂ ಹೋದೆ. ಬಸ್ಸಿಳಿದ ಮೇಲೆ ಅರಿವಾಯಿತು: ಊರಿಗೆ ಅಪರಿಚಿತನಾದ ಗಂಡಸೊಬ್ಬ, ಹೆಗಲಲ್ಲಿ ಏಡ್ಸ್ ಜಾಗೃತಿಯ ಕೆಂಪು ರಿಬ್ಬನ್ ಅಚ್ಚಾದ ಚೀಲ ತೂಗಿಸಿಕೊಂಡು, ಇಂಥ ಬಸುರಿಯ ಮನೆ ಎಲ್ಲಿ ಎಂದು ಕೇಳಿದರೆ, ಚಿಲಕ ಕಳೆದು ಉಳಿದಿದ್ದ ಅವಳ ಮಾನವೂ ಹೋಗುತ್ತದೆ. ಚೀಲವನ್ನು ಒಳಮುಖ ತಿರುಗಿಸಿ ಹಿಡಿದುಕೊಂಡು, ಒಂದು ಚಹಾ ಕುಡಿದು, ಅದೇ ಬಸ್ಸಿಗೆ ಮರಳಿದೆ. ಆ ಭಾಗದ ನರ್ಸಿಗೆ ಫೋನ್ ಮಾಡುತ್ತೇನೆಂದು ಸುಮಿತ್ರಾಬಾಯಿ ಹೇಳಿದ್ದರು. ಅವರು ಮಾಡಿದರೋ, ಆ ನರ್ಸಿಗೂ ಪಟ್ಟಿ ಕಟ್ಟಿ ಪಿಸುಗುಡುವ ವಿದ್ಯೆ ಗೊತ್ತಿತ್ತೋ, ನನಗೆ ತಿಳಿಯಲಿಲ್ಲ. ಹೆರಿಗೆಯ ತಿಂಗಳು ಬಂತು, ದಾಟಿತು.

ತಡೆಯಲಾರದೆ ಕಳೆದ ವಾರ ಮತ್ತೆ ಆ ಕೇಂದ್ರಕ್ಕೆ ಹೋದೆ. ಕೋಣೆಯಲ್ಲಿ ಸೊಳ್ಳೆಪರದೆಗಳು ಮರಳಿ ಬಂದಿದ್ದವು. ಸುಮಿತ್ರಾಬಾಯಿ ವರಾಂಡದಲ್ಲಿ ಗಾಳಿ ತುಂಬುತ್ತಿದ್ದರು. "ಎರಡು ನಿಮಿಷ" ಎಂದು ಅವರನ್ನು ಒಳಗೆ ಕರೆದು, ಯಾರೂ ಕೇಳಬಾರದೆಂದು ನಾನೇ ಬಾಗಿಲು ಮುಚ್ಚಿ ಚಿಲಕ ಹಾಕಿದೆ. ಖಟ್.

"ಕಸ್ತೂರಿಯ ಪರೀಕ್ಷೆ ಆಯಿತೇ? ಏನು ಬಂತು?"

"ಯಾವ ಕಸ್ತೂರಿರಿ?"

"ಸಿಸ್ಟರ್, ನನಗಾದರೂ ಹೇಳಿ. ಆರು ತಿಂಗಳಿನಿಂದ ಮನಸ್ಸಿಗೆ ಸಮಾಧಾನವಿಲ್ಲ."

"ನಿಮ್ಮ ಸಮಾಧಾನಕ್ಕಂತ ಹೇಳ್ಲಿಕ್ಕೆ ಬರೂದಿಲ್ಲರಿ. ಮೂರನೇಯವರಿಗೆ ಹೇಳಬಾರದಂತ ನೀವೇ ಬೀದರದಾಗ ಬೋರ್ಡ್ ಮ್ಯಾಲ ಬರೆದಿದ್ರಿ." ಆಮೇಲೆ ಮೃದುವಾಗಿಯೇ ಹೇಳಿದರು: "ಮೂರನೇಯವರು ಅಂದ್ರ ನೀವೇರಿ ಸರ್."

ನಾನು ಕಲಿಸಿದ್ದರಲ್ಲಿ ಇದೊಂದನ್ನು ಅವರು ಪೂರ್ತಿ ಕಲಿತಿದ್ದರು. ಚಿಲಕ ತೆಗೆದು ಹೊರಬಂದೆ. ವರಾಂಡದ ಮಾತು ನಿಂತಿತು. ಬೆಂಚಿನಲ್ಲಿ ಕುಳಿತಿದ್ದ ಹೆಂಗಸು ತನ್ನ ಚೀಲವನ್ನು ಹತ್ತಿರಕ್ಕೆಳೆದುಕೊಂಡು ನನಗೆ ಇಬ್ಬರು ಕೂರುವಷ್ಟು ಜಾಗ ಬಿಟ್ಟಳು. ಶಿವರಾಮ ಕಾಕಾ ನನ್ನ ಮುಖವನ್ನೇ ದಿಟ್ಟಿಸಿ, ತುಂಬಾ ಅಂತಃಕರಣದಿಂದ ಅಂದರು: "ಹೆದರಬ್ಯಾಡ್ರಿ ಸರ್. ಈಗ ಅದಕ್ಕ ಗುಳಿಗಿ ಛಲೋ ಬಂದಾವಂತ. ದಿನಾ ತಪ್ಪದೇ ತಗೊಂಡ್ರ ಭಾಳ ವರ್ಷ ಬದುಕ್ತಾರಂತ."

ಪದಕ್ಕೆ ಪದ ಅದು ನನ್ನದೇ ಪಾಠ. ನಾನು ಹೇಳಬಹುದಾಗಿದ್ದ ಘನವಾದ ಮಾತುಗಳು ಎಷ್ಟೋ ಇದ್ದವು. ವರ್ಷಗಳಿಂದ ಅವನ್ನೇ ಹಂಚುತ್ತ ಊರೂರು ತಿರುಗಿದ್ದೇನೆ. ಬಾಯಿಂದ ಬಂದದ್ದು ಮಾತ್ರ, ಮಗುವೊಂದು ಬೆಚ್ಚಿ ಅಳುವಷ್ಟು ಗಟ್ಟಿಯಾಗಿ, "ಛೇ ಛೇ ಕಾಕಾ, ನನಗೆ ಅಂಥಾದ್ದೇನೂ ಇಲ್ಲ!"

ಕಸ್ತೂರಿಯ ಅತ್ತೆ ನಿಂತಿದ್ದೂ ಸರಿಸುಮಾರು ಅಲ್ಲಿಯೇ.

ಸುಮಿತ್ರಾಬಾಯಿ ಹೊರಬಂದರು. ನನ್ನನ್ನು ಬೆಂಚಿನಲ್ಲಿ ಕೂರಿಸಿ, ತೋಳಿಗೆ ಪಟ್ಟಿ ಕಟ್ಟಿ, ಬುಸ್ ಬುಸ್ ಎಂದು ಗಾಳಿ ತುಂಬತೊಡಗಿದರು. ಅವರು ಬಾಗಿದಾಗ ಕಸ್ತೂರಿಯ ಸುದ್ದಿ ಪಿಸುಗುಟ್ಟಿಯಾರೆಂಬ ಆಸೆಯಿಂದ ನಾನೂ ಕಿವಿ ಕೊಟ್ಟೆ.

"ಬಿಪಿ ಜರಾ ಜಾಸ್ತಿ ಅದರಿ ಸರ್" ಎಂದರು, ಎಲ್ಲರಿಗೂ ಕೇಳುವಂತೆ.