ಗಜಮುಷ್ಟಿ ಬೀಗವೂ ಮೂರು ದಿನದ ಸಮುದ್ರವೂ

ಬ್ರಹ್ಮನೇ ಬಂದರೂ ನನ್ನ ಪೆಟ್ಟಿಗೆಯನ್ನು ನನ್ನ ಅಪ್ಪಣೆ ಇಲ್ಲದೆ ತೆಗೆಯಕೂಡದು! ಹೀಗೆ ಶಪಥ ಮಾಡಿ ವಿಮಾನ ಹತ್ತಲು ಹೊರಟವನು ನಾನು. ಹತ್ತಲಾಗದೆ ನೆಲದ ಮೇಲೆ ಉಳಿದವನೂ ನಾನೇ.

ನನ್ನ ಕಸುಬು ಬೀಗ. ಮೂರನೇ ತರಗತಿಯಲ್ಲಿ ಮೇಷ್ಟ್ರು ನನ್ನ ತಲೆಯನ್ನೊಮ್ಮೆ ನೋಡಿ, "ಇದಕ್ಕೆ ಬೀಗ ಬಿದ್ದಿದೆ, ಕೀಲಿ ಸಿಗೋದು ಕಷ್ಟ" ಎಂದರು. ಅವತ್ತೇ ಶಾಲೆಗೆ ಕೈಮುಗಿದು ಬೀಗದ ಹಿಂದೆ ಬಿದ್ದೆ. ಗುರುವಿಲ್ಲ, ಪುಸ್ತಕವಿಲ್ಲ. ತುಕ್ಕು ಹಿಡಿದ ಬೀಗಗಳನ್ನು ಬಿಚ್ಚಿ, ಬೆರಳು ಕುಯ್ದುಕೊಂಡು, ಕುಯ್ದ ಬೆರಳನ್ನು ಬಾಯಲ್ಲಿಟ್ಟುಕೊಂಡು ಕಲಿತ ವಿದ್ಯೆ. ಇವತ್ತು ನಮ್ಮ ಪೇಟೆಯಲ್ಲಿ ಯಾರ ಕೀಲಿ ಕಳೆದರೂ ದೇವರಿಗಿಂತ ಮೊದಲು ನನ್ನನ್ನು ನೆನೆಯುತ್ತಾರೆ. ಅಂಗಡಿಯ ಬೋರ್ಡಿನ ಮೇಲೆ ನಾನೇ ಕುಂಚ ಹಿಡಿದು ಬರೆದಿದ್ದೇನೆ: 'ಎಂಥ ಬೀಗವಾದರೂ ತೆಗೆಯಲಾಗುವುದು.'

ತೆಗೆದೂ ತೆಗೆದೂ ಬೇಸರವಾಗಿ, ಯಾರೂ ತೆಗೆಯಲಾಗದ ಒಂದು ಬೀಗ ಮಾಡಬೇಕೆನ್ನಿಸಿತು. ಏಳು ವರ್ಷ ಕೂತೆ. ಹುಟ್ಟಿತು ನೋಡಿ, ಗಜಮುಷ್ಟಿ! ಎಳೆಯ ತೆಂಗಿನಕಾಯಿಯಷ್ಟು ದಪ್ಪ. ಒತ್ತಿದರೆ ಸಾಕು, ಕೀಲಿಯಿಲ್ಲದೆ ತಾನೇ ಕಚ್ಚಿಕೊಳ್ಳುತ್ತದೆ. ತೆಗೆಯಬೇಕಾದರೆ ಮಾತ್ರ ಕೀಲಿಯನ್ನು ಬಲಕ್ಕೆ ಎರಡು ಸುತ್ತು, ಎಡಕ್ಕೆ ಒಂದು ಸುತ್ತು ತಿರುಗಿಸಿ, ಕೊನೆಗೆ ಹೆಬ್ಬೆರಳಿನಿಂದ ಅದರ ಹೊಟ್ಟೆಗೊಂದು ತಿವಿಯಬೇಕು. ಈ ಮರ್ಮ ಲೋಕದಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ಪಕ್ಕದಲ್ಲಿ ಕೂತು ಏಳು ವರ್ಷ ಲಾಟೀನು ಹಿಡಿದ ನನ್ನ ಹೆಂಡತಿಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಂಥ ಗಜಮುಷ್ಟಿಗೆ ಕಡಲ ತೀರದ ಒಂದು ದೊಡ್ಡ ಪಟ್ಟಣದಿಂದ ಕರೆ ಬಂತು. ಬೀಗ ಮಾಡುವವರ ಪ್ರದರ್ಶನವಂತೆ, ಹೋಗಿಬರುವ ವಿಮಾನದ ಟಿಕೆಟ್ಟೂ ಅವರದೇ ಅಂತೆ, ಇಬ್ಬರಿಗೆ! ಕಾಗದ ಓದಿ ಹೇಳಿದಾಗ ನನ್ನಾಕೆ ಕೇಳಿದ್ದು ಒಂದೇ ಮಾತು.

"ಅಲ್ಲಿ ಸಮುದ್ರ ಇದೆಯಂತಾ?"

ಮೂವತ್ತೆಂಟು ವರ್ಷದ ಹಿಂದೆ ಮದುವೆಯಾದ ವಾರದಲ್ಲಿ, "ನಿನಗೆ ಸಮುದ್ರ ತೋರಿಸ್ತೀನಿ ಕಣೇ" ಎಂದು ಬಾಯಿಬಿಟ್ಟಿದ್ದೆ. ಅಲ್ಲಿಂದ ಈಚೆಗೆ ಪ್ರತಿವರ್ಷ 'ಮುಂದಿನ ವರ್ಷ' ಎನ್ನುತ್ತ ಬಂದೆ. ಮುಂದಿನ ವರ್ಷಗಳೇ ಮುಗಿಯುವ ಕಾಲ ಬಂತು.

"ಇದೆ. ಕಣ್ಣು ತುಂಬ ನೋಡ್ಕೊಳ್ಳುವಿಯಂತೆ ಬಾ!" ಎಂದೆ.

ಹೋದೆವು. ನಾಲ್ಕು ದಿನದ ಪ್ರದರ್ಶನ. ಇನ್ನೂರು ಜನ ಗಜಮುಷ್ಟಿಯ ಮೇಲೆ ಕೈಯಾಡಿಸಿ ಸೋತರು. ನಾನು ಎದೆ ಉಬ್ಬಿಸಿದ್ದೇ ಉಬ್ಬಿಸಿದ್ದು, ಅಂಗಿಯ ಎರಡು ಗುಂಡಿ ಕಿತ್ತವು. ನನ್ನಾಕೆ ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಕೂತು ಆ ಗುಂಡಿ ಹೊಲಿದಳು. ಸಮುದ್ರ ಅಲ್ಲಿಂದ ಎರಡು ಬಸ್ ನಿಲ್ದಾಣದಷ್ಟು ದೂರ. ದಿನಾ ಸಂಜೆ ಕೇಳುತ್ತಿದ್ದಳು, "ಇವತ್ತು ಹೋಗೋಣ್ವಾ ರೀ?"

"ಇವತ್ತು ಪತ್ರಿಕೆಯವರು ಬರ್ತಾರಂತೆ. ಸಮುದ್ರ ಎಲ್ಲಾದ್ರೂ ಎದ್ದು ಓಡಿಹೋಗತ್ತಾ? ನಾಳೆ ನೋಡೋಣ."

ಪತ್ರಿಕೆಯವರು ಬರಲಿಲ್ಲ. ಪ್ರಶಸ್ತಿಪತ್ರವೊಂದು ಬಂತು. ಐದನೇ ದಿನ ವಿಮಾನ. ಸಮುದ್ರದ ಉಪ್ಪುಗಾಳಿಯನ್ನು ಮೂಗಿನಲ್ಲಿ ಮಾತ್ರ ನೋಡಿ ಊರಿಗೆ ಹೊರಟೆವು. ಅವಳು ಜಗಳ ಆಡಲಿಲ್ಲ. ಜಗಳ ಆಡದ ಹೆಂಡತಿಯನ್ನು ಕಂಡರೆ ಎಚ್ಚರವಾಗಿರಬೇಕು ಎಂದು ಯಾವ ಮೇಷ್ಟ್ರೂ ನನಗೆ ಕಲಿಸಿರಲಿಲ್ಲ.

ಆ ಬೆಳಿಗ್ಗೆ ಗೆರೆಗೆರೆ ಅಂಗಿಯ ಜೇಬಿನಲ್ಲಿ ಗಜಮುಷ್ಟಿಯ ಕೀಲಿ ಇಟ್ಟುಕೊಂಡು ಸಿದ್ಧನಾಗಿದ್ದೆ. "ಕಾಲರ್ ನೋಡಿ, ಎಣ್ಣೆ ಜಿಡ್ಡು. ಆ ಬಿಳೀದು ಹಾಕ್ಕೊಳ್ಳಿ" ಎಂದಳು. ಬಿಚ್ಚಿ ಎಸೆದೆ. ಅವಳು ಮಡಚಿ ತಗಡಿನ ಪೆಟ್ಟಿಗೆಯೊಳಗಿಟ್ಟಳು. ನಾನು ಗಜಮುಷ್ಟಿಯನ್ನು ಸಿಕ್ಕಿಸಿ ಒತ್ತಿದೆ. ಖಟ್! ಏನು ನಾದ, ಏನು ಗಾಂಭೀರ್ಯ!

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯನ್ನು ಯಂತ್ರದ ಬಾಯಿಗೆ ಕೊಟ್ಟರು. ಪರದೆಯ ಮೇಲೆ ಕಂಡದ್ದು ಹನ್ನೊಂದು ಬೀಗ, ಅರವತ್ತಮೂರು ಕೀಲಿ, ಅರ, ಸುತ್ತಿಗೆ, ಇಕ್ಕಳ. ತಪಾಸಣೆಯ ಅಧಿಕಾರಿಯ ಹುಬ್ಬು ನೆತ್ತಿಗೇರಿತು.

"ಪೆಟ್ಟಿಗೆ ತೆಗೀರಿ ಯಜಮಾನ್ರೇ."

"ಧಾರಾಳವಾಗಿ!" ಎಂದು ಜೇಬಿಗೆ ಕೈ ಹಾಕಿದೆ. ಬಿಳಿ ಅಂಗಿಯ ಜೇಬು ನನ್ನ ಮೂರನೇ ತರಗತಿಯ ಪಾಟಿಯಂತೆ ಖಾಲಿ! ಕೀಲಿ ಗೆರೆ ಅಂಗಿಯಲ್ಲಿ. ಗೆರೆ ಅಂಗಿ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಗಜಮುಷ್ಟಿಯ ಮುಷ್ಟಿಯಲ್ಲಿ. ಇನ್ನೊಂದು ಕೀಲಿ ಊರಲ್ಲಿ, ಅಂಗಡಿಯ ಮೊಳೆಯಲ್ಲಿ.

ಹಿಂದೆ 'ಟಕ್' ಎಂದು ಕೈಚೀಲ ತೆಗೆದ ಸದ್ದಾಯಿತು. "ರೀ, ಇಲ್ಲಿ ಸ್ವಲ್ಪ ನೋಡಿ..." ಎಂದಳು ನನ್ನಾಕೆ.

"ನೀನು ಬಾಯಿ ಮುಚ್ಕೊಂಡು ಕೂತ್ಕೋ! ಬೀಗದ ವಿಷಯ ನಿನಗೇನ್ ಗೊತ್ತು?"

'ಟಕ್' ಎಂದು ಕೈಚೀಲ ಮುಚ್ಚಿಕೊಂಡಿತು.

ಅಧಿಕಾರಿಯ ಮೇಜಿನಿಂದ ಒಂದು ಪಿನ್ನು ಇಸಿದುಕೊಂಡು ಕೂತೆ. ಬೆವರು ಬಿಟ್ಟು ಬೇರೇನೂ ಹೊರಬರಲಿಲ್ಲ. ಪಿನ್ನು ಮುರಿಯಿತು. ಏಳು ವರ್ಷ ಕೂತು ಕಟ್ಟಿದ ಕೋಟೆಯನ್ನು ಪಿನ್ನಿನಲ್ಲಿ ಗೆಲ್ಲುವುದುಂಟೇ? ನನ್ನ ಮಗನಂಥ ಬೀಗ ನನ್ನನ್ನೇ ಗುರುತಿಸಲಿಲ್ಲ! ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು.

"ಪೆಟ್ಟಿಗೆ ಇಲ್ಲೇ ಬಿಟ್ಟು ಹೋಗ್ತೀರಾ?" ಅಧಿಕಾರಿ ಕೇಳಿದ.

"ಪ್ರಶಸ್ತಿಪತ್ರ ಒಳಗಿದೆ ಸ್ವಾಮಿ! ಪ್ರಾಣ ಬೇಕಾದ್ರೆ ಬಿಡ್ತೀನಿ!"

"ಪ್ರಾಣ ಬೇಡ, ಜಾಗ ಬಿಡಿ" ಎಂದು ಅವನು ತೋಳುದ್ದದ ಕತ್ತರಿ ತರಿಸಿದ. ಇಬ್ಬರು ಹಿಡಿದು ಅಮುಕಿದರು. ಕಟಕಟ ಎಂದಿತು. ಮುರಿದದ್ದು ಕತ್ತರಿಯ ಹಲ್ಲು!

"ನೋಡಿದ್ರಾ ನನ್ನ ಗಜಮುಷ್ಟೀನಾ!" ಎಂದು ಕುಣಿದೆ.

"ನೋಡ್ದೆ. ಹಂಗೇ ಕಿಟಕೀಲಿ ನಿಮ್ಮ ವಿಮಾನಾನೂ ನೋಡ್ಕೊಂಡ್ಬಿಡಿ. ಹೋಗ್ತಾ ಇದೆ" ಎಂದ.

ಟಿಕೆಟ್ಟಿನ ಕೌಂಟರಿನ ಹೆಣ್ಣುಮಗಳು ಕನ್ನಡಕ ಏರಿಸಿ ಹೇಳಿದಳು, "ನಿಮ್ಮೂರಿಗೆ ವಾರಕ್ಕೆ ಎರಡೇ ವಿಮಾನ ಅಜ್ಜಾ. ಇನ್ನು ಮೂರು ದಿನ ಬಿಟ್ಟು."

ನನಗೆ ತಲೆಯ ಮೇಲೆ ಆಕಾಶ ಕಳಚಿಬಿತ್ತು. ನನ್ನಾಕೆ ಮಾತ್ರ, "ಮೂರು ದಿನಾನಾ?" ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು.

ಕಡಲ ದಂಡೆಯ ಹತ್ತಿರ ಒಂದು ಲಾಡ್ಜು ಹಿಡಿದೆವು. ಯಜಮಾನ ದಪ್ಪ ಪುಸ್ತಕ ತೆರೆದು ಕೇಳಿದ, "ಉದ್ಯೋಗ?"

"ಎಂಥ ಬೀಗ ಆದ್ರೂ ತೆಗೀತಾರೆ" ಎಂದಳು ನನ್ನಾಕೆ.

"ಓಹೋ! ಹಾಗಾದ್ರೆ ಈ ಪೆಟ್ಟಿಗೆಯ ಬೀಗಾನೂ ತೆಗೀತಾರಾ?"

"ಅದನ್ನೊಂದು ಬಿಟ್ಟು" ಎಂದಳು.

ನನ್ನಾಕೆಯನ್ನು ರೂಮಿನಲ್ಲಿ ಬಿಟ್ಟು, ಕೆಳಗಿನಿಂದ ಒಂದು ಹಿಡಿ ಚಮಚ ಬೇಡಿ ತಂದು ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. "ನೀವು ಬೀಗ ತೆಗೀತಾ ಇರಿ. ನಾನು ಸಮುದ್ರ ನೋಡ್ಕೊಂಡ್ ಬರ್ತೀನಿ" ಎಂದು ಹೊರಟೇಬಿಟ್ಟಳು, ಅಪ್ಪಣೆ ಕೇಳದೆ! ಲಾಡ್ಜಿನ ಚಮಚ, ಅವರದೇ ಹಳೇ ಕೊಡೆಯ ಕಡ್ಡಿ, ಹಲ್ಲುಜ್ಜುವ ಬ್ರಷ್ಷಿನ ಹಿಡಿ ಎಲ್ಲ ತೂರಿಸಿದೆ. ಮಧ್ಯಾಹ್ನಕ್ಕೆ ಚಮಚ ಕೊಕ್ಕೆಯಾಯಿತು. ಯಜಮಾನ ಬಂದು ಚಮಚ ನೋಡಿದ, ನನ್ನನ್ನು ನೋಡಿದ, ಉಳಿದ ಚಮಚಗಳನ್ನು ಎತ್ತಿಕೊಂಡು ಹೋದ. ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ, "ಬಿದ್ದಿರು ಪಾಪಿ!" ಎಂದು ಬೈದು ದಂಡೆಗೆ ನಡೆದೆ.

ದೂರದಿಂದಲೇ ಕಂಡಳು. ಮೊಣಕಾಲವರೆಗೆ ನೀರಿನಲ್ಲಿ ನಿಂತು, ಅಲೆ ಬಂದಾಗಲೆಲ್ಲ ಹಾರಿ ನಗುತ್ತಿದ್ದಳು. ಆ ನಗು ನನಗೆ ಪರಿಚಯದ್ದೇ. ಭೇಟಿಯಾಗಿ ಮೂವತ್ತೆಂಟು ವರ್ಷವಾಗಿತ್ತು.

"ಬನ್ರೀ! ಇದು ಕಚ್ಚಲ್ಲ!"

"ನಾನೇನು ಹೆದರ್ತೀನಾ?" ಎಂದು ಒಂದು ಹೆಜ್ಜೆ ಇಟ್ಟೆ. ಅಲೆ ಬಂದು ನನ್ನ ಎಡಗಾಲಿನ ಚಪ್ಪಲಿಯನ್ನು ಕಿತ್ತುಕೊಂಡು ಹೋಯಿತು. ಅಟ್ಟಿಸಿಕೊಂಡು ಹೋದ ನನ್ನನ್ನು ಮುಂದಿನ ಅಲೆ ಮಗುಚಿಹಾಕಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವಂತಿಲ್ಲ, ಮೀಸೆಯ ತುಂಬ ಮರಳು! ದಡಕ್ಕೆ ಬಂದು ನಡುಗುತ್ತ ಕೂತಾಗ ಅವಳು ಒಣಗಿದ ಟವೆಲ್ಲಿನಿಂದ ನನ್ನ ತಲೆ ಒರೆಸಿದಳು.

"ಟವೆಲ್ ಎಲ್ಲಿತ್ತೇ?"

"ಕೈಚೀಲದಲ್ಲಿತ್ತು."

ಇರಬಹುದು ಎಂದುಕೊಂಡೆ. ಸಮುದ್ರದ ಆಳ ಅಳೆದವರಿದ್ದಾರೆ, ಹೆಂಗಸರ ಕೈಚೀಲದ ಆಳ ಅಳೆದವರುಂಟೇ?

ಎರಡನೇ ದಿನ ಅವಳು ಗರಿಗರಿಯಾದ ಬೇರೆ ಬಟ್ಟೆ ಉಟ್ಟು ಬಂದಳು. ಕೈಚೀಲದಲ್ಲಿತ್ತಂತೆ. ನಾನು ಅದೇ ಬಿಳಿ ಅಂಗಿ; ಉಪ್ಪುನೀರಿಗೆ ಎಷ್ಟು ಬಿರುಸಾಗಿತ್ತೆಂದರೆ ಬಿಚ್ಚಿ ನೆಲಕ್ಕಿಟ್ಟರೆ ತಾನೇ ನಿಂತಿತು! ದೋಣಿಯಲ್ಲಿ ಕೂತೆವು. ಅವಳು ಮೀನಿನಷ್ಟು ಆರಾಮಾಗಿದ್ದಳು. ನಾನು ತಿಂದದ್ದನ್ನೆಲ್ಲ ಮೀನಿಗೆ ಕೊಟ್ಟೆ.

ಮೂರನೇ ದಿನ ದೀಪಸ್ತಂಭಕ್ಕೆ ಹೋದರೆ ಬಾಗಿಲಿಗೆ ಬೀಗ. ಕಾವಲಿನ ಮುದುಕ ಕೈಯಲ್ಲಿ ಕೀಲಿ ಹಿಡಿದು ಅಳುಮೋರೆ ಮಾಡಿದ್ದ. "ಉಪ್ಪುಗಾಳಿಗೆ ಕಚ್ಕೊಂಡ್ಬಿಟ್ಟಿದೆ. ಬೆಳಿಗ್ಗೆಯಿಂದ ಬಂದವರನ್ನೆಲ್ಲ ವಾಪಸ್ ಕಳಿಸ್ತಾ ಇದೀನಿ."

ನನ್ನೊಳಗಿನ ಹುಲಿ ಎದ್ದಿತು. ನನ್ನಾಕೆಯ ಮುಡಿಯ ಪಿನ್ನು ಕಿತ್ತೆ, ಮುದುಕನ ದೀಪದ ಎಣ್ಣೆ ಎರಡು ಹನಿ ಬಿಟ್ಟೆ, ಬೀಗದ ಹೊಟ್ಟೆಗೆ ಕಿವಿ ಇಟ್ಟೆ. ನೂರು ಎಣಿಸುವಷ್ಟರಲ್ಲಿ, ಖಳಕ್! ಮುದುಕ ಕೈಮುಗಿದ. "ಎಷ್ಟ್ ಚೆನ್ನಾಗಿ ತೆಗೀತೀರಿ ರೀ!" ಎಂದಳು ನನ್ನಾಕೆ. ಆ ಮಾತಿನಲ್ಲಿ ಕುಹಕ ಇರಲಿಲ್ಲ. ಇನ್ನೂರು ಜನರ ಸೋಲಿಗೆ ಉಬ್ಬಿದ್ದಕ್ಕಿಂತ ಹೆಚ್ಚಾಗಿ ಎದೆ ಆ ಮಾತಿಗೆ ಉಬ್ಬಿತು. ಮತ್ತೆ ಒಂದು ಗುಂಡಿ ಹೋಯಿತು.

ಮೇಲೆ ಹತ್ತಿದೆವು. ಸುತ್ತ ಬರೀ ನೀರು. ಮಳೆ ಹನಿಯಿತು, ಅವಳು ಕೊಡೆ ಬಿಚ್ಚಿದಳು. ಕೊಡೆ! ಒಂದು ಗೇಣಿನ ಕೈಚೀಲದಿಂದ ಒಂದೂವರೆ ಗೇಣಿನ ಕೊಡೆ! ಆಗಲೂ ಈ ಬೀಗಶಾಸ್ತ್ರಜ್ಞನ ತಲೆಗೆ ಏನೂ ಹೊಳೆಯಲಿಲ್ಲ. ಮೇಷ್ಟ್ರು ಸುಳ್ಳು ಹೇಳಿರಲಿಲ್ಲ.

"ಆಚೆ ದಡದಲ್ಲಿ ಏನಿದೆ ರೀ?"

"ಅದನ್ನ ಮುಂದಿನ ವರ್ಷ..." ಎಂದು ಬಾಯಿಗೆ ಬಂದದ್ದನ್ನು ನುಂಗಿ, "ಗೊತ್ತಿಲ್ಲ ಕಣೇ" ಎಂದೆ.

ಮರುದಿನ ಮತ್ತೆ ವಿಮಾನ ನಿಲ್ದಾಣ. ಅದೇ ಯಂತ್ರ, ಅದೇ ಅಧಿಕಾರಿ, ಹೊಸ ಕತ್ತರಿ. ನನ್ನ ಕಾಲಲ್ಲಿ ಲಾಡ್ಜಿನ ರಬ್ಬರ್ ಚಪ್ಪಲಿ, ಮೈಮೇಲೆ ತಗಡಿನಂಥ ಅಂಗಿ. ಪ್ರಶಸ್ತಿಪತ್ರ ಹೋದರೆ ಹೋಗಲಿ, ಪೆಟ್ಟಿಗೆ ಒಪ್ಪಿಸಿಬಿಡುವುದೆಂದು ಮನಸ್ಸು ಗಟ್ಟಿ ಮಾಡಿ, "ಸ್ವಾಮೀ, ವಿಷಯ ಏನಪ್ಪಾ ಅಂದ್ರೆ..." ಎಂದು ಶುರುಮಾಡಿದೆ.

"ರೀ, ಸ್ವಲ್ಪ ಆಚೆ ಸರೀರಿ" ಎಂದಳು ನನ್ನಾಕೆ.

ಟಕ್! ಕೈಚೀಲ ತೆರೆಯಿತು. ಹೊರಬಂತು ಕೀಲಿ! ಬಲಕ್ಕೆ ಎರಡು ಸುತ್ತು, ಎಡಕ್ಕೆ ಒಂದು, ಹೆಬ್ಬೆರಳಲ್ಲಿ ಹೊಟ್ಟೆಗೊಂದು ತಿವಿತ. ಗಜಮುಷ್ಟಿ ಸಾಕಿದ ಬೆಕ್ಕಿನಂತೆ ಬಾಯಿ ತೆರೆಯಿತು. ಒಳಗೆ ಒದ್ದೆ ಟವೆಲ್ಲು, ಬಾಚಣಿಗೆ, ಕೊಡೆ, ಒಗೆದು ಮಡಚಿದ ನನ್ನ ಮೂರು ಅಂಗಿ. ಎಲ್ಲದರ ಮೇಲೆ, ನನ್ನ ಪ್ರಶಸ್ತಿಪತ್ರದಲ್ಲಿ ಪೊಟ್ಟಣ ಕಟ್ಟಿದ ಒಂದು ಸೇರು ಕಪ್ಪೆಚಿಪ್ಪು!

ಅಧಿಕಾರಿ ಎದ್ದು ನಿಂತು ಅವಳಿಗೆ ಸಲಾಮು ಹೊಡೆದ.

"ಕೀಲಿ... ನಿನ್ನ ಹತ್ರ... ಹೆಂಗೆ?"

"ಅಂಗಿ ಮಡಚೋ ಮುಂಚೆ ಜೇಬು ನೋಡಲ್ವಾ? ಮೂವತ್ತೆಂಟು ವರ್ಷದಿಂದ ನೋಡ್ತಾನೇ ಇದೀನಿ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವನು ನಾನು! "ಅವತ್ತೇ ಕೊಡೋಕೇನಾಗಿತ್ತೇ ನಿನಗೆ?"

"ಕೊಡೋಕೇ ಚೀಲ ತೆಗೆದೆ. ಮುಚ್ಕೊಂಡು ಕೂತ್ಕೋ ಅಂದ್ರಿ. ಮುಚ್ಕೊಂಡೆ. ಬಾಯೀನೂ, ಚೀಲಾನೂ."

"ಸರಿ, ಒಂದು ಒಗೆದ ಅಂಗಿನಾದ್ರೂ ಕೊಡಬಹುದಿತ್ತಲ್ಲ!"

"ಕೊಟ್ಟಿದ್ರೆ ನಿಮಗೆ ಗೊತ್ತಾಗ್ತಿತ್ತಲ್ಲ!"

ಈಗ ಊರಲ್ಲಿ ಅಂಗಡಿಯ ಬೋರ್ಡು ಹಾಗೇ ಇದೆ. ಆದರೆ ಯಾರಾದರೂ ಕೀಲಿ ಕಳೆಯಿತೆಂದು ಓಡಿಬಂದರೆ, ನಾನು ಮೊದಲು ಕೇಳುವುದು, "ಮನೇಲಿ ಹೆಂಡ್ತೀನ ಕೇಳಿದ್ರಾ?" ಅರ್ಧಕ್ಕರ್ಧ ಜನ ಅಲ್ಲಿಂದಲೇ ಹಿಂದಿರುಗಿ ಹೋಗುತ್ತಾರೆ.

ಮೊನ್ನೆ ಮತ್ತೊಂದು ಪ್ರದರ್ಶನಕ್ಕೆ ಕರೆ ಬಂತು. ಅದೂ ಕಡಲ ತೀರದ ಊರೇ, ಆಚೆ ದಡದ್ದು. ಈ ಸಲ ಪ್ರದರ್ಶನ ಮುಗಿದ ಮೂರು ದಿನದ ಮೇಲಿನ ವಾಪಸು ಟಿಕೆಟ್ಟನ್ನು ನಾನೇ ತೆಗೆಸಿದೆ. ಪೆಟ್ಟಿಗೆಯ ಎರಡೂ ಕೀಲಿ ಅವಳ ಕೈಗೇ ಒಪ್ಪಿಸಿದ್ದೇನೆ. ನನ್ನ ಮೂರು ಅಂಗಿ ಮಾತ್ರ, ಅವಳಿಗೆ ಗೊತ್ತಾಗದ ಹಾಗೆ, ಬೇರೆ ಬಟ್ಟೆಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಅದಕ್ಕೆ ಬೀಗ ಹಾಕಿಲ್ಲ!