ಕಂಕುಳಲ್ಲಿ ಬೆಳೆದ ಎಲುಬು

ಬೀದರಿನ ಪ್ರಯೋಗಾಲಯದ ಕಾವಿನ ಪೆಟ್ಟಿಗೆ ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ ಗೊರಕೆ ಹೊಡೆದು ತಣ್ಣಗಾಯಿತು. ಅದರೊಳಗಿನ ಪುಟ್ಟ ಬಾಟಲಿಯಲ್ಲಿ, ಫರಹತ ಮೂರು ತಿಂಗಳಿಂದ ಬೆಳೆಸಿದ ಜೀವಂತ ಎಲುಬಿತ್ತು. ಉಗುರಿನಷ್ಟೇ ಇದ್ದರೂ ಎಲುಬು ಎಲುಬೇ. ಮೈಬಿಸಿ ತಪ್ಪಿದರೆ ಅದು ಸಾಯುತ್ತದೆ. ಸತ್ತರೆ ಅವಳ ಸಂಶೋಧನೆ ಮತ್ತೆ ಮೊದಲಿನಿಂದ.

“ಭಾಲ್ಕಿಗಿ ತಗೊಂಡ್ ಬಾ, ಇಲ್ಲಿ ಇನ್ನೊಂದ್ ಪೆಟಗಿ ಅದ. ಬಿಸಿ ಆರಬಾರ್ದ್ ನೋಡು,” ಎಂದರು ಫೋನಿನಲ್ಲಿ ಅವಳ ಗುರುಗಳು ಗೋರಖನಾಥ ಸರ್.

ಮೈಬಿಸಿ ಬೇಕೆಂದರೆ ಮೈಯೇ ಇದೆಯಲ್ಲ! ಫರಹತ ಬಾಟಲಿಯನ್ನು ಎಡಗಂಕುಳಲ್ಲಿ ಅವುಚಿಕೊಂಡು, ಕಾವಿಗೆ ಕೂತ ಕೋಳಿಯ ಗಾಂಭೀರ್ಯದಿಂದ ಬಸ್ಸು ಹತ್ತಿದಳು. ಆಕಾಶವೇ ಬೀಳಲಿ, ಭಾಲ್ಕಿ ಬರುವವರೆಗೆ ಈ ತೋಳು ಎತ್ತುವುದಿಲ್ಲ.

ಪಕ್ಕದ ಸೀಟಿನ ಅನುಸೂಯಾಬಾಯಿ ಸುಮ್ಮನೆ ಕೂರುವ ಹೆಂಗಸಲ್ಲ. “ಕೈ ಯಾಕ್ ಹಂಗ್ ಬಿಗಿ ಹಿಡದೀ ಬೇಟಿ?”

“ಎಲುಬ್ ಅದರಿ ಅಕ್ಕಾ. ಅಲುಗಿದ್ರ ಕೆಡ್ತದ.”

“ಅಯ್ಯ ಶಿವನೇ! ಹುಡುಗಿ ಕೈ ಮುರದದ ರೀ!” ಕೂಗು ಡ್ರೈವರನ ಕಿವಿಗೂ ಮುಟ್ಟಿತು.

ಹಿಂದಿನಿಂದ ಮನ್ಮಥಪ್ಪ ಎಂಬ ಹಿರಿಯರು ಎದ್ದೇಬಿಟ್ಟರು. “ನಾ ನಮ್ಮೂರ ಎಕಂಬಾದಾಗ ಎತ್ತಿನ ಕಾಲೇ ಕೂಡಿಸೀನಿ. ಈ ಕಡ್ಡಿಯಂಥಾ ಕೈ ಯಾವ ಲೆಕ್ಕ?”

“ಕೈ ಛಂದ್ ಅದರಿ ಕಾಕಾ! ಇದು ಬ್ಯಾರೆ ಎಲುಬು. ನಾನೇ ಬೆಳಸೀನಿ!”

“ಪಾಪ, ದರ್ದ್ ತಲಿಗಿ ಏರ್ಯಾದ. ಬಡಬಡಸಲತ್ತಾಳ,” ಎನ್ನುತ್ತ ಮುಂದಿನ ಸೀಟಿನ ಅಕ್ತರಬೀ ಅವಳ ತೋಳಿನ ಕೆಳಗೆ ಮುಟ್ಟಿ ನೋಡಿದಳು. ಬಾಟಲಿ ಗಟ್ಟಿಯಾಗಿ ತಾಗಿತು. “ಹಾಯ್ ಅಲ್ಲಾ! ಎಲುಬ್ ಹೊರಗ ಬಂದದ!”

ಇನ್ನು ಫರಹತಳ ಮಾತು ಯಾರಿಗೆ ಬೇಕು? ಮನ್ಮಥಪ್ಪ ಹೇಳಿದಂತೆ ಹೆಂಗಸರಿಬ್ಬರೂ ಸೇರಿ ಆ ಹಿರಿಯರದೇ ಛತ್ರಿಯನ್ನು ಅವಳ ತೋಳಿಗೆ ಆನಿಸಿ, ಟವಲಿನಿಂದ ಬಿಗಿದರು. “ದವಾಖಾನಿಗಿ ಹೊಡಿಯೋ!” ಎಂದು ಮನ್ಮಥಪ್ಪ ಕೂಗಿದ್ದೇ ತಡ, ಡ್ರೈವರನಿಗೆ ವೀರಾವೇಶ ಬಂತು. ಬಸ್ಸು ಜರಡಿಯಂತೆ ಕುಲುಕಿತು. ಒಂದೊಂದು ತಗ್ಗಿಗೂ ಫರಹತಳ ಜೀವ ಬಾಯಿಗೆ ಬಂತು, ತೋಳು ಮಾತ್ರ ಸಡಿಲಲಿಲ್ಲ.

ಭಾಲ್ಕಿಯ ದವಾಖಾನೆಯ ಬಾಗಿಲಲ್ಲಿ ಇಳಿದವಳೇ, ಛತ್ರಿಸಮೇತ ಪ್ರಯೋಗಾಲಯಕ್ಕೆ ಓಟ ಕಿತ್ತಳು. “ಹುಡುಗಿ ಓಡಿದ್ಳು, ಹಿಡೀರಿ!” ಎಂಬ ಕೂಗು ಹಿಂದೆಯೇ ಉಳಿಯಿತು.

“ಸರ್, ಬಿಸಿ ಆರಿಲ್ಲ. ಆದ್ರ ಭಾಳ ಕುಲುಕ್ಯಾದ ರೀ,” ಎಂದು ಅಳುಮುಖ ಮಾಡಿದಳು.

ಗೋರಖನಾಥ ಸರ್ ಬಾಟಲಿ ಇಸಿದುಕೊಂಡು ಸೂಕ್ಷ್ಮದರ್ಶಕದಡಿ ಇಟ್ಟು ಕಣ್ಣಿಟ್ಟರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಫರಹತ ಛತ್ರಿ ಬಿಚ್ಚುವುದನ್ನೂ ಮರೆತು ಅವರ ಬೆನ್ನ ಹಿಂದೆ ನಿಂತಳು.

“ಜೀವಂತ ಅದ! ಅಷ್ಟೇ ಅಲ್ಲ, ಇದರ ಜೀವಕಣಗೋಳು ಪೆಟಗ್ಯಾಗ ಮೈಗಳ್ಳರಂಗ್ ಬಿದ್ದಿದ್ವು, ಈಗ ನೋಡು ಹ್ಯಾಂಗ ಚುರುಕ್ ಆಗ್ಯಾವ! ಧಕ್ಕಿ ಬಿದ್ರೇ ಎಲುಬು ಗಟ್ಟಿ ಆಗೋದು, ಫರಹತ.”

ಅವಳ ಕಣ್ಣಲ್ಲಿ ನೀರು ಬಂತು. “ಅಂದ್ರ ನನ್ ಕೆಲಸ ಮುಗೀತ್ರಿ ಸರ್?”

“ಛೇ, ಈಗ ಶುರು! ಕುಲುಕೋ ಮಷಿನ್ ತರಸಬೇಕಂದ್ರ ವರ್ಷ ಹಿಡಿತದ. ನಾಳಿಯಿಂದ ದಿನಾ ಇದನ್ನ ಕಂಕಳಾಗ ಇಟ್ಕೊಂಡ್ ತಗ್ಗಿನ ರಸ್ತಾದ ಔರಾದ ಬಸ್ ಹತ್ತು, ಹಿಂದಿನ ಸೀಟೇ ಹಿಡಿ. ಹೆಂಗಸರಿಗಿ ಹ್ಯಾಂಗೂ ಟಿಕೀಟ್ ಪುಕ್ಕಟೆ ಅದ.”