ಚಿಕ್ಕಪ್ಪನ ಮಾವಿನ ಹಲಗೆ

ಹೋದ ಮನೆಯಲ್ಲೆಲ್ಲ ಕೆಲವರಿಗೆ ಕಾಫಿ ಬೇಕು, ಕೆಲವರಿಗೆ ಸುದ್ದಿ ಬೇಕು. ನನಗೆ ಬೇಕಾಗುವುದು ಮರ. ಬಾಗಿಲು, ಹೊಸ್ತಿಲು, ಮಂಚದ ಕಾಲು, ಏನು ಕಣ್ಣಿಗೆ ಬಿದ್ದರೂ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳದಿದ್ದರೆ ಸಮಾಧಾನವಿಲ್ಲ. ತಂಗಿಯ ಮಗಳಿಗೆ ಸಂಬಂಧ ನೋಡಲು ಮಾಲೂರಿಗೆ ಹೋದಾಗ, ಗಂಡಿನ ಮನೆಯವರು ಅಪ್ಪಟ ತೇಗವೆಂದು ಹೇಳಿಕೊಳ್ಳುತ್ತಿದ್ದ ಮುಂಬಾಗಿಲನ್ನು ಅಲ್ಲಲ್ಲಿ ತಟ್ಟಿ ನೋಡಿದೆ. ಗಂಡಿನ ತಂದೆಯ ಮುಖ ಬಿಗಿಯಿತು. ಸಂಬಂಧ ಕೂಡಿ ಬರಲಿಲ್ಲ. ಜಾತಕ ಹೊಂದಲಿಲ್ಲವೆಂದು ಅವರು ಹೇಳಿಕಳಿಸಿದರು. ಬಾಗಿಲು ಹೊಂದಲಿಲ್ಲವೆಂದು ನನ್ನ ಹೆಂಡತಿ ಸರೋಜ ಇವತ್ತಿಗೂ ಹೇಳುತ್ತಾಳೆ.

ಇದು ಚಟವಲ್ಲ, ಕಸುಬು ಎಂದು ಅವಳಿಗೆ ಹೇಳಿ ಸಾಕಾಗಿದೆ. ಮುಳಬಾಗಿಲಿನಲ್ಲಿ ನನ್ನದು ಬಾಗಿಲು, ಕಿಟಕಿ ಮಾಡುವ ಅಂಗಡಿ. ಹರೆಯದಲ್ಲಿ ಬೆಂಗಳೂರಿನ ಒಬ್ಬ ಗಿಟಾರ್ ಮೇಸ್ತ್ರಿಯ ಬಳಿ ಕೆಲಸ ಕಲಿತಿದ್ದರಿಂದ, ಬಿಡುವಾದಾಗ ಮನೆಯ ಹಿಂದಿನ ಶೆಡ್ಡಿನಲ್ಲಿ ಗಿಟಾರನ್ನೂ ಮಾಡುತ್ತೇನೆ. ಅದರಲ್ಲೂ ಫ್ಲಮೆಂಕೊ ಗಿಟಾರ್. ಸ್ಪೇನ್ ದೇಶದಲ್ಲಿ ಹಿಮ್ಮಡಿಯಿಂದ ನೆಲ ಗುದ್ದಿ ಕುಣಿಯುತ್ತಾರಲ್ಲ, ಅವರ ಜೊತೆಗೆ ನುಡಿಸುವಂಥದ್ದು. ಕುಣಿಯುವ ಕಾಲಿನ ಸದ್ದನ್ನು ಮೀರಿ ಅದು ಕೇಳಿಸಬೇಕು, ಆದರೆ ರಾಗ ಎಳೆಯುತ್ತಾ ಕೂರಬಾರದು. ಟಣ್ ಎಂದು ಹಾರಿ ಬಂದು ತಕ್ಷಣ ಜಾಗ ಖಾಲಿ ಮಾಡಬೇಕು. ಅದಕ್ಕೆ ಹಗುರವಾದ, ಒಣಗಿ ಗರಿಗರಿಯಾದ ಮರವೇ ಬೇಕು. ಬೆಂಗಳೂರಿನಲ್ಲಿ ಈ ಗಿಟಾರ್ ಕಲಿಸುವ ಅನಿತಾ ಮೇಡಂ ಒಂದನ್ನು ಮಾಡಿಕೊಡಲು ಹೇಳಿದಾಗ, “ಎಲ್ಲರ ಹತ್ರ ಇರೋ ಮರ ಬೇಡ. ನಿಮ್ಮೂರಲ್ಲಿ ಬೆಳೆದಿದ್ದು ಯಾವುದಾದ್ರೂ ನೋಡಿ” ಎಂದರು. ಗಿಟಾರಿನ ಮುಂಬದಿಗೆ ಹೊರದೇಶದಿಂದ ತರಿಸಿದ ಸ್ಪ್ರೂಸ್ ಮರ ಇತ್ತು. ಬೆನ್ನಿಗೂ ಪಕ್ಕಕ್ಕೂ ಊರಿನ ಮರ ಹುಡುಕುತ್ತಾ ಹೊರಟೆ. ಹುಣಸೆ ನನ್ನ ಗರಗಸದ ಹಲ್ಲು ತಿಂದಿತು. ನೀಲಗಿರಿ ಬಗ್ಗಿಸುವ ಮೊದಲೇ ಸೀಳಿತು. ಬೇವನ್ನು ಕೊರೆದ ದಿನ ಅದರ ಪುಡಿ ಅಡುಗೆಮನೆಯವರೆಗೆ ಹಾರಿ, ಅನ್ನವೂ ಕಹಿಯಾಗಿ ಮನೆಯಲ್ಲಿ ಮಾತು ನಿಂತಿತು.

ಹೀಗಿರುವಾಗ ಬೈರಕೂರಿನಲ್ಲಿ ಸರೋಜಳ ಚಿಕ್ಕಪ್ಪ ಮುನಿವೆಂಕಟಪ್ಪನವರು ತೀರಿಕೊಂಡ ಸುದ್ದಿ ಬಂತು. ವಯಸ್ಸಾಗಿತ್ತು, ಮಲಗಿದವರು ಏಳಲಿಲ್ಲ. ಜೋರು ಬಾಯಿನ ಮನುಷ್ಯ, ನನ್ನನ್ನು ಕಂಡರೆ ಪ್ರೀತಿ. ಬೈಕಿನ ಹಿಂದೆ ಕೂತು ಅಳುತ್ತಿದ್ದ ಸರೋಜ, ಊರು ಹತ್ತಿರವಾಗುತ್ತಿದ್ದಂತೆ ಅಳು ನಿಲ್ಲಿಸಿ, “ರೀ, ಅಲ್ಲಿ ಏನನ್ನೂ ತಟ್ಟಬೇಡಿ” ಎಂದಳು. ಇಂಥ ಸಮಯದಲ್ಲಿ ಹೇಳುವ ಮಾತೇ ಇದು ಎಂದು ನನಗೆ ಬೇಸರವಾಯಿತು.

ಹಿಂದಿನ ದಿನ ಹೊಯ್ದ ಮಳೆಗೆ ಅವರ ಮನೆಯ ಸೌದೆಯೆಲ್ಲ ನೆನೆದುಹೋಗಿತ್ತು. ಚಿತೆಗೆ ಒಣ ಮರ ಬೇಕಲ್ಲ. ಚಿಕ್ಕಪ್ಪನ ಮಗ ನಾಗರಾಜ ದನದ ಕೊಟ್ಟಿಗೆಯ ಅಟ್ಟ ಹತ್ತಿ, ಬಹಳ ವರ್ಷಗಳಿಂದ ಅಲ್ಲೇ ಬಿದ್ದಿದ್ದ ಮಾವಿನ ಹಲಗೆಗಳನ್ನು ಒಂದೊಂದಾಗಿ ಕೆಳಗೆ ಎಸೆಯತೊಡಗಿದ. ಗಾಳಿಗೆ ಬಿದ್ದ ಮರವನ್ನು ಬಾಗಿಲಿಗೆಂದು ಕೊಯ್ಯಿಸಿ, ಮಾವಿಗೆ ಹುಳ ಬೀಳುತ್ತದೆಂದು ಯಾರೋ ಹೇಳಿದ ಮೇಲೆ ಹಾಗೆಯೇ ಬಿಟ್ಟಿದ್ದರಂತೆ. ನಾನು ಗಂಡಸರ ಮಧ್ಯೆ ತಲೆ ತಗ್ಗಿಸಿ ಕೂತಿದ್ದೆ. ಒಂದು ಹಲಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿತ್ತು. ಟಣ್ ಎಂದಿತು, ಮರುಕ್ಷಣ ಸುಮ್ಮನಾಯಿತು.

ತಟ್ಟದೆ ಮರವೇ ತಾನಾಗಿ ಮಾತಾಡಿದರೆ ನಾನೇನು ಮಾಡಲಿ. ಕಣ್ಣೆತ್ತಿ ನೋಡಿದೆ. ಅಂಥವು ಎರಡಿದ್ದವು, ಎಳೆ ನೇರ, ತೆಳುಹಳದಿ ಮೈಗೆ ಅಲ್ಲಲ್ಲಿ ಕಪ್ಪು ಗೆರೆ. ನಾಗರಾಜ ಕೆಳಗಿಳಿದು ಕೊಡಲಿ ತೆಗೆದುಕೊಂಡ. ನಾನು ಎದ್ದು ಪಂಚೆ ಸರಿಮಾಡಿಕೊಳ್ಳುವಷ್ಟರಲ್ಲಿ ಒಂದು ಹಲಗೆ ನಾಲ್ಕು ಚೂರಾಗಿತ್ತು. ಎರಡನೆಯದರ ಮೇಲೆ ಹೋಗಿ ಕೂತುಬಿಟ್ಟೆ. ಒಳಗೆ ಹೆಂಗಸರು ಅಳುತ್ತಿದ್ದಾರೆ, ಹೊರಗೆ ಚಟ್ಟ ಕಟ್ಟುತ್ತಿದ್ದಾರೆ, ನಾನು ಹಲಗೆಯ ಮೇಲೆ ಬೆವರುತ್ತಾ ಕೂತಿದ್ದೇನೆ. ಯಾರೋ ಏಳಲು ಹೇಳಿದರು. ಎದ್ದವನು ಹಲಗೆಯನ್ನೂ ಹೆಗಲ ಮೇಲಿಟ್ಟುಕೊಂಡು ಕೊಟ್ಟಿಗೆಯ ಹಿಂದೆ ಗೋಡೆಗೆ ಒರಗಿಸಿ, ಅದರ ಬದಲು ಸೀಳಿದ ಉಳಿದ ಹಲಗೆಗಳನ್ನೆಲ್ಲ ನಾನೇ ಹೊತ್ತು ಹೊತ್ತು ಟ್ರ್ಯಾಕ್ಟರಿಗೆ ತುಂಬಿದೆ. ಜಗಲಿಯ ಮೇಲಿದ್ದ ಮುದುಕರೊಬ್ಬರು ಪಕ್ಕದವರಿಗೆ, “ಅಳಿಯ ಆದ್ರೂ ಮಗನಂಗೆ ದುಡೀತಾವ್ನೆ ನೋಡು” ಎಂದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಹೊರುವುದನ್ನು ನಿಲ್ಲಿಸಲಿಲ್ಲ.

ಟ್ರ್ಯಾಕ್ಟರ್ ಇನ್ನೇನು ಹೊರಡಬೇಕು. ನಾಗರಾಜ ಅತ್ತಿತ್ತ ನೋಡಿ, “ಭಾವ, ಇನ್ನೊಂದು ಹಲಗೆ ಇತ್ತಲ್ಲ?” ಎಂದ.

“ಅದು ಹಸಿ ಇದೆ ಕಣೋ. ಉರಿಯಲ್ಲ,” ಎಂದೆ.

“ಅಟ್ಟದ ಮೇಲಿದ್ದಿದ್ದು ಹೆಂಗೆ ಹಸಿಯಾಗುತ್ತೆ?” ಎನ್ನುತ್ತಾ ಅವನು ಕೊಟ್ಟಿಗೆಯ ಹಿಂದೆ ಹೋಗಿ, ಕೊಡಲಿಯ ಹಿಂಬದಿಯಿಂದ ಅದಕ್ಕೊಂದು ಏಟು ಕೊಟ್ಟ. ಆ ಸದ್ದು ಅಂಗಳದಲ್ಲೆಲ್ಲ ಕೇಳಿಸಿತು. ಒಳಗಿನ ಅಳು ಒಂದು ಗಳಿಗೆ ನಿಂತಿತು. ಸರೋಜ ಬಾಗಿಲಿಗೆ ಬಂದಳು. ಹಲಗೆಯನ್ನೂ ನನ್ನನ್ನೂ ನೋಡಿದಳು. ಅವಳಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. “ಇದೊಂದು ದಿನ,” ಎಂದಳು ಮೆಲ್ಲಗೆ. “ಇದೊಂದು ದಿನ ನಿಮ್ಮ ಕೈಲಿ ಆಗ್ಲಿಲ್ವಾ?”

ಗಂಡನ ತಲೆಯ ಬಳಿ ಕೂತಿದ್ದ ಚಿಕ್ಕಮ್ಮನಿಗೂ ಸದ್ದು ಕೇಳಿಸಿತ್ತು. ಆಂಧ್ರದ ಗಡಿಯ ನಂಗಲಿ ಕಡೆಯಿಂದ ಬಂದ ಅವರು ಬೆಚ್ಚಿದಾಗ ತೆಲುಗಿಗೆ ಹೊರಳುತ್ತಾರೆ. “ಅದೇಮಿಟಿ ಸದ್ದು?” ಎಂದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೊಸ್ತಿಲಾಚೆ ನಿಂತೇ, ಒಂದು ವಾದ್ಯ ಮಾಡಬೇಕಿತ್ತೆಂದೂ ಈ ಮಾವಿನಂಥ ಮರ ಎಲ್ಲೂ ಸಿಕ್ಕಿರಲಿಲ್ಲವೆಂದೂ ಹೇಳಿದೆ. ಹೆಣದ ಮುಂದೆ ಹೀಗೆ ಕೇಳುವುದೇ ಎಂದು ಹಿರಿಯರು ಗೊಣಗಿದರು. ನಾಗರಾಜನ ಕೈಯಲ್ಲಿ ಕೊಡಲಿ ಹಾಗೆಯೇ ಇತ್ತು. ಚಿಕ್ಕಮ್ಮ ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

“ಆ ಮರ ಒಂದಿನಾನೂ ಇವರ ಮಾತು ಕೇಳ್ಲಿಲ್ಲ. ವರ್ಷಾವರ್ಷ ಹೂ ಬಿಟ್ಟು ಉದುರಿಸ್ತಿತ್ತು, ಇವರು ನಿಂತ್ಕೊಂಡು ಬೈತಿದ್ರು,” ಎಂದರು. “ಎಲ್ಲಾನೂ ಜೊತೇಲಿ ಕಳಿಸಿದ್ರೆ ಅಲ್ಲೂ ಜಗಳಾನೇ. ಅದೊಂದು ಇರ್ಲಿ ಬಿಡು, ನಾಗ.” ಆಮೇಲೆ ನನ್ನ ಕಡೆ ತಿರುಗಿ, “ಮಾಡಿದ ಮೇಲೆ ನಂಗೆ ಕೇಳಿಸ್ಬೇಕಪ್ಪ,” ಎಂದರು.

ಅಲ್ಲಿಂದ ನನ್ನ ನಿದ್ದೆ ಕೆಟ್ಟಿತು. ಬೇರೆ ಮರ ಸೀಳಿದರೆ ಸೌದೆಯಾಗುತ್ತದೆ. ಇದು ಸೀಳಿದರೆ, ಸತ್ತವರ ಪಾಲಿನ ಮರವನ್ನು ಕಿತ್ತು ತಂದು ಹಾಳುಮಾಡಿದ ಅಳಿಯನೆಂದು ಬೈರಕೂರಿನಲ್ಲಿ ಹೆಸರಾಗುತ್ತದೆ. ಸರೋಜ ಆ ಹಲಗೆ ಮನೆಯೊಳಗೆ ಬರಕೂಡದೆಂದು ಹೇಳಿ, ಶೆಡ್ಡಿನ ಕಡೆ ಬರುವುದನ್ನೂ ನಿಲ್ಲಿಸಿದಳು. ಹಲಗೆಯನ್ನು ತೆಳ್ಳಗೆ ಕೊಯ್ದು, ಹಪ್ಪಳಕ್ಕಿಂತ ತುಸು ದಪ್ಪ ಉಳಿಯುವಂತೆ ಹತ್ತರಿ ಹೊಡೆದೆ. ಗಿಟಾರಿನ ಪಕ್ಕಕ್ಕೆ ಬರುವ ಪಟ್ಟಿಗಳಿಗೆ ನೀರು ಮುಟ್ಟಿಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಬಗ್ಗಿಸಬೇಕು. ಉಸಿರು ಬಿಟ್ಟರೆ ಒಡೆಯುತ್ತದೇನೋ ಎಂಬ ಭಯ. ಮೊದಲನೆಯದು ಒಳಕ್ಕೆ ಬಾಗುವ ಸೊಂಟದ ಹತ್ತಿರ ಮೆಲ್ಲಗೆ ಬಗ್ಗಿ ನಿಂತಿತು. ಎರಡನೆಯದು ಅದೇ ಜಾಗದಲ್ಲಿ ಚಟ್ ಎಂದಿತು. ಕೊಳವೆ ಆರುವ ತನಕ ಅಲ್ಲೇ ಕೂತಿದ್ದೆ. ಕೊನೆಗೆ ಬೆನ್ನಿಗೆ ಇಟ್ಟಿದ್ದ ಅಗಲದ ತುಂಡಿನಿಂದಲೇ ಇನ್ನೊಂದು ಪಟ್ಟಿ ಕೊಯ್ದೆ. ಅದು ಬಗ್ಗಿತು. ಬೆನ್ನು ಎರಡು ತುಂಡಿನ ಬದಲು ಮೂರು ತುಂಡಿನದಾಯಿತು.

ಗಿಟಾರ್ ಮುಗಿದು, ಅನಿತಾ ಮೇಡಂ ಅದನ್ನು ಒಯ್ಯಲು ಬಂದ ಭಾನುವಾರವೇ ನಾಗರಾಜ ಚಿಕ್ಕಮ್ಮನನ್ನು ಕರೆದುಕೊಂಡು ಬಂದ. ಮರ ಎಲ್ಲಿಂದ ಬಂತೆಂದು ಮೇಡಂಗೆ ನಾನು ಹೇಳಿರಲಿಲ್ಲ. “ಹೇಳದೆ ಕೊಟ್ರೆ ನಾನೇ ಹೇಳ್ತೀನಿ,” ಎಂದು ಸರೋಜ ಎಚ್ಚರಿಸಿದ್ದಳು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಗಿಟಾರ್ ಮಡಿಲಿಗೆ ಎತ್ತಿಕೊಂಡು, ಬೆರಳುಗಳನ್ನೆಲ್ಲ ಒಟ್ಟಿಗೆ ತಂತಿಗಳ ಮೇಲೆ ಝಾಡಿಸಿದರು. ಶೆಡ್ಡಿನ ತಗಡು ನಡುಗಿತು. ಅಂಗೈಯಿಂದ ತಡೆಯುವ ಮೊದಲೇ ಸದ್ದು ತಾನಾಗಿ ಅಡಗಿತು. ಮತ್ತೆ ಝಾಡಿಸಿದರು. ನಾನು ಮೇಡಂ ಮುಖ ನೋಡುತ್ತಿದ್ದೆ, ಸರೋಜ ಚಿಕ್ಕಮ್ಮನ ಮುಖ ನೋಡುತ್ತಿದ್ದಳು.

“ಅವರ ಕೋಪಾನೂ ಹಿಂಗೇ,” ಎಂದರು ಚಿಕ್ಕಮ್ಮ. “ಮನೆ ಹಾರಿಹೋಗೋ ಹಂಗೆ ಬರ್ತಿತ್ತು. ತಿರುಗಿ ನೋಡೋದ್ರೊಳಗೆ ಇರ್ತಿರ್ಲಿಲ್ಲ.” ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾರ ಕೋಪವೆಂದು ಮೇಡಂ ಕೇಳಿದಾಗ ಸರೋಜ ಎಲ್ಲವನ್ನೂ ಹೇಳಿಬಿಟ್ಟಳು. ಮೇಡಂ ಕೈ ತಂತಿಯಿಂದ ಮೇಲೆದ್ದು ಗಾಳಿಯಲ್ಲೇ ನಿಂತಿತು. ಅವರು ಗಿಟಾರನ್ನು ತಿರುಗಿಸಿ ಬೆನ್ನು ನೋಡಿದರು, ಕಪ್ಪು ಗೆರೆಗಳ ಮೇಲೆ ಬೆರಳಾಡಿಸಿದರು. “ಅಮ್ಮಾ, ನಾನು ತಗೊಂಡು ಹೋದ್ರೆ ನಿಮಗೆ ಬೇಜಾರಾಗಲ್ವಾ?” ಎಂದು ಕೇಳಿದರು.

“ತಗೊಂಡು ಹೋಗಮ್ಮ. ಅವರು ಬೈಯೋದು ನಾನು ಕೇಳಿದ್ದು ಸಾಕು,” ಎಂದರು ಚಿಕ್ಕಮ್ಮ.

ಮೇಡಂ ನಗುತ್ತಾ ಗಿಟಾರ್ ಜೊತೆ ಹೊರಟ ಮೇಲೆ, ಎಷ್ಟೋ ತಿಂಗಳ ನಂತರ ಸರೋಜ ಶೆಡ್ಡಿಗೇ ಕಾಫಿ ತಂದಳು. ಚಿಕ್ಕಮ್ಮ ಕಾಫಿ ಊದಿಕೊಳ್ಳುತ್ತಾ ನನ್ನನ್ನು ದಿಟ್ಟಿಸಿ, “ನಿಂಗೆ ಯಾವ ಮರ ಇಡ್ಬೇಕೋ ಈಗ್ಲೇ ಹೇಳ್ಬಿಡಪ್ಪ, ಆಮೇಲೆ ತೊಂದ್ರೆ ಬೇಡ,” ಎಂದರು.

“ಇವರಿಗೆ ಒಳ್ಳೇ ಮರ ಇಟ್ರೆ ಸುಡೋಕೇ ಬಿಡಲ್ಲ, ಚಿಕ್ಕಮ್ಮ,” ಎಂದಳು ಸರೋಜ. ಅವರಿಬ್ಬರೂ ನಾಗರಾಜನೂ ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ಪ್ರಶ್ನೆಯನ್ನು ನಿಜವೆಂದೇ ತೆಗೆದುಕೊಂಡು ಯೋಚಿಸುತ್ತಿದ್ದೆ. ಅವರ ನಗು ನಿಂತ ಮೇಲೆ, ಗಂಟಿರುವುದು ಯಾವುದಾದರೂ ಆದೀತು, ಎಳೆ ನೇರ ಇರುವುದನ್ನು ಮಾತ್ರ ಮುಟ್ಟಬೇಡಿ ಎಂದು ಹೇಳಿದೆ.